ಒಂದು ತಲೆಯಲ್ಲಿ ಎಷ್ಟು ‘ನಾನು’?

‘ನಾನು’ ಒಬ್ಬನೇ ಎಂಬುದಕ್ಕೆ ಯಾರೂ ಪುರಾವೆ ಕೇಳುವುದಿಲ್ಲ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು, ಮೊಣಕಾಲಿನ ನೋವು, ನಾಳಿನ ಚಿಂತೆ, ಎಲ್ಲವೂ ಒಬ್ಬನಿಗೇ ಆಗುತ್ತಿವೆ ಎಂದುಕೊಂಡೇ ಬದುಕುತ್ತೇವೆ. ತತ್ತ್ವಶಾಸ್ತ್ರ ಇದನ್ನು ಪ್ರಜ್ಞೆಯ ಏಕತೆ ಎನ್ನುತ್ತದೆ. ಹದಿನೇಳನೆಯ ಶತಮಾನದ ಫ್ರೆಂಚ್ ತತ್ತ್ವಜ್ಞಾನಿ ದೆಕಾರ್ತ್‌ಗೆ ಇದು ನಿಚ್ಚಳವಾಗಿತ್ತು. ದೇಹವನ್ನು ತುಂಡರಿಸಬಹುದು, ಮನಸ್ಸನ್ನು ತುಂಡರಿಸಲಾಗದು, ಆದ್ದರಿಂದ ಎರಡೂ ಬೇರೆ ಬೇರೆ ಎಂದು ಆತ ವಾದಿಸಿದ.

ಈ ವಾದಕ್ಕೆ ಬಲವಾದ ಪೆಟ್ಟು ಬಿದ್ದದ್ದು ಅಮೆರಿಕದ ನರವಿಜ್ಞಾನಿ ರೋಜರ್ ಸ್ಪೆರಿಯ ಪ್ರಯೋಗಾಲಯದಿಂದ. 1913ರಲ್ಲಿ ಹುಟ್ಟಿದ ಸ್ಪೆರಿ ಮೊದಲು ಓದಿದ್ದು ಇಂಗ್ಲಿಷ್ ಸಾಹಿತ್ಯ, ಆಮೇಲೆ ಮನಃಶಾಸ್ತ್ರ. ಡಾಕ್ಟರೇಟ್ ಪಡೆದದ್ದು ಪ್ರಾಣಿಶಾಸ್ತ್ರದಲ್ಲಿ. ಆತ ಕಪ್ಪೆಯ ಕಣ್ಣಿನ ನರ ಕತ್ತರಿಸಿ, ಗುಡ್ಡೆಯನ್ನು ತಲೆಕೆಳಗಾಗಿ ತಿರುಗಿಸಿದ. ನರತಂತುಗಳು ಮತ್ತೆ ಬೆಳೆದು ಮಿದುಳಿನಲ್ಲಿ ತಮ್ಮ ಹಳೆಯ ಜಾಗಗಳನ್ನೇ ಸೇರಿಕೊಂಡವು. ಪಾಪದ ಕಪ್ಪೆ ಮೇಲಿದ್ದ ನೊಣಕ್ಕೆ ಕೆಳಗೆ ಬಾಯಿ ಹಾಕುತ್ತಲೇ ಹೋಯಿತು, ಎಷ್ಟು ಸಲ ತಪ್ಪಿದರೂ ಕಲಿಯಲಿಲ್ಲ. ನರಗಳ ಜೋಡಣೆಯೆಲ್ಲ ಅನುಭವದಿಂದಲೇ ಆಗುತ್ತದೆ ಎನ್ನುತ್ತಿದ್ದವರ ಬಾಯಿ ಕಟ್ಟಿತು. ಸ್ಪೆರಿಯ ಹೆಸರು ಉಳಿಯಲು ಇಷ್ಟೇ ಸಾಕಿತ್ತು.

1954ರಲ್ಲಿ ಆತ ಕ್ಯಾಲಿಫೋರ್ನಿಯದ ವಿಜ್ಞಾನ-ತಂತ್ರಜ್ಞಾನ ಸಂಸ್ಥೆ ಕ್ಯಾಲ್ಟೆಕ್ ಸೇರಿದ. ಆಗ ಅವನನ್ನು ಕಾಡುತ್ತಿದ್ದದ್ದು ಮಿದುಳಿನ ಎಡ ಬಲ ಅರೆಗೋಳಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್. ಅದರಲ್ಲಿ ಸುಮಾರು 20 ಕೋಟಿ ತಂತುಗಳಿವೆ. ಆದರೂ ಮೂರ್ಛೆರೋಗದ ಚಿಕಿತ್ಸೆಗಾಗಿ 1940ರ ಸುಮಾರಿಗೆ ಅದನ್ನು ಕತ್ತರಿಸಿಕೊಂಡವರಲ್ಲಿ ಹೇಳಿಕೊಳ್ಳುವಂಥ ಕೊರತೆ ಕಂಡಿರಲಿಲ್ಲ. ಎರಡು ಹೋಳುಗಳು ಜೋತುಬೀಳದಂತೆ ಹಿಡಿದುಕೊಳ್ಳುವುದೇ ಅದರ ಕೆಲಸವಿರಬೇಕು ಎಂಬ ನಗೆಮಾತೂ ಹುಟ್ಟಿತ್ತು. 1962ರಲ್ಲಿ ಲಾಸ್ ಏಂಜಲೀಸ್‌ನ ಶಸ್ತ್ರವೈದ್ಯರಾದ ಬೋಗನ್ ಮತ್ತು ವೋಗಲ್ ತೀವ್ರ ಮೂರ್ಛೆಯಿಂದ ಬಳಲುತ್ತಿದ್ದ ಒಬ್ಬ ಮಾಜಿ ಸೈನಿಕನಿಗೆ ಇಂಥದೇ ಚಿಕಿತ್ಸೆ ಮಾಡಿದರು. ಮೂರ್ಛೆ ಹತೋಟಿಗೆ ಬಂತು. ನಡೆ, ನುಡಿ, ನಗು ಮೊದಲಿನಂತೆಯೇ ಇದ್ದವು.

ಸ್ಪೆರಿ ಮತ್ತು ಅವನ ಶಿಷ್ಯ ಮೈಕೆಲ್ ಗಜಾನಿಗ ಇಂಥ ರೋಗಿಗಳನ್ನು ಬೇರೆ ರೀತಿಯಲ್ಲಿ ಪರೀಕ್ಷಿಸಿದರು. ನೋಟವನ್ನು ಪರದೆಯ ನಡುವಿನ ಚುಕ್ಕೆಯ ಮೇಲೆ ನಿಲ್ಲಿಸಲು ಹೇಳಿ, ಕಣ್ಣು ಹೊರಳುವಷ್ಟರಲ್ಲಿ ಒಂದು ಪಕ್ಕಕ್ಕೆ ಚಿತ್ರ ಮಿಂಚಿಸಿ ತೆಗೆಯುತ್ತಿದ್ದರು. ಬಲಪಕ್ಕದ್ದು ಎಡ ಅರೆಗೋಳಕ್ಕೆ ಹೋಗುತ್ತದೆ. ಮಾತು ಸಾಮಾನ್ಯವಾಗಿ ಅಲ್ಲೇ ಇರುವುದರಿಂದ ರೋಗಿ ಚಿತ್ರದ ಹೆಸರು ಹೇಳುತ್ತಿದ್ದ. ಎಡಪಕ್ಕದ್ದು ಬಲ ಅರೆಗೋಳಕ್ಕೆ. ಆಗ ಏನೂ ಕಾಣಲಿಲ್ಲ ಎನ್ನುತ್ತಿದ್ದ. ಹಾಗೆನ್ನುತ್ತಲೇ ಪರದೆಯ ಹಿಂದೆ ಅವನ ಎಡಗೈ ಹಲವು ವಸ್ತುಗಳ ನಡುವೆ ತಡಕಾಡಿ ಆ ಚಿತ್ರದ ವಸ್ತುವನ್ನೇ ಆರಿಸಿಕೊಳ್ಳುತ್ತಿತ್ತು. ಕಂಡೇ ಇಲ್ಲ ಎಂದವನು ಯಾರು, ಆರಿಸಿದವನು ಯಾರು?

ಮುಂದೆ ಗಜಾನಿಗ ಮಾಡಿದ ಪ್ರಯೋಗ ಇನ್ನೂ ಕಳವಳ ಹುಟ್ಟಿಸುವಂಥದು. ಒಬ್ಬ ರೋಗಿಯ ಎಡ ಅರೆಗೋಳಕ್ಕೆ ಕೋಳಿಯ ಕಾಲನ್ನೂ ಬಲಕ್ಕೆ ಹಿಮ ಮುಚ್ಚಿದ ದೃಶ್ಯವನ್ನೂ ತೋರಿಸಲಾಯಿತು. ಹೊಂದುವ ಚಿತ್ರ ಆರಿಸೆಂದಾಗ ಬಲಗೈ ಕೋಳಿಯನ್ನು, ಎಡಗೈ ಸಲಿಕೆಯನ್ನು ತೋರಿಸಿದವು. ಸಲಿಕೆ ಏಕೆಂದು ಕೇಳಿದರೆ, ಹಿಮವನ್ನು ಕಾಣದ ಎಡ ಅರೆಗೋಳ ತಡವರಿಸಲಿಲ್ಲ: ಕೋಳಿಗೂಡು ಚೊಕ್ಕಟ ಮಾಡಲು ಸಲಿಕೆ ಬೇಕಲ್ಲ! ಅದು ಸುಳ್ಳು ಹೇಳಲಿಲ್ಲ; ಸಿಕ್ಕಿದ್ದರಲ್ಲಿ ಕಥೆ ಹೊಸೆದು ತಾನೇ ನಂಬಿತು. ಎಡ ಮಿದುಳು ಲೆಕ್ಕಕ್ಕೆ, ಬಲ ಮಿದುಳು ಕಲೆಗೆ ಎಂಬ ಅಗ್ಗದ ಜಾಣ್ಮೆಯೂ ಈ ಸಂಶೋಧನೆಯ ಹೆಸರಿನಲ್ಲೇ ಹಬ್ಬಿತು. ಅದನ್ನು ಅಲ್ಲೇ ಬಿಡೋಣ.

ಒಂದು ತಲೆಬುರುಡೆಯೊಳಗೆ ಎರಡು ಪ್ರಜ್ಞಾವಂತ ಮನಸ್ಸುಗಳು ಎಂದು ಸ್ಪೆರಿ ವಾದಿಸಿದ. ಮನಸ್ಸೂ ಮಿದುಳೂ ಬೇರೆ ಬೇರೆ ಎನ್ನುವ ದ್ವೈತವಾದಿ ನರವಿಜ್ಞಾನಿ ಜಾನ್ ಎಕಲ್ಸ್ ಅದನ್ನು ಒಪ್ಪದೆ, ಸ್ವಪ್ರಜ್ಞೆ ಇರುವುದು ಮಾತಾಡುವ ಅರೆಗೋಳಕ್ಕೆ ಮಾತ್ರ ಎಂದ. ನನ್ನ ಮಟ್ಟಿಗೆ ಇಬ್ಬರಿಗಿಂತ ಆಳಕ್ಕಿಳಿದವನು ತತ್ತ್ವಜ್ಞಾನಿ ಥಾಮಸ್ ನೇಗಲ್. ಈ ರೋಗಿಗಳಲ್ಲಿ ಮನಸ್ಸು ಒಂದು ಎಂದರೂ ಹೊಂದುವುದಿಲ್ಲ, ಎರಡು ಎಂದರೂ ಹೊಂದುವುದಿಲ್ಲ. ಎಣಿಸಿ ಹೇಳಲು ಇಲ್ಲಿ ಪೂರ್ಣಸಂಖ್ಯೆಯೇ ಇಲ್ಲದಿರಬಹುದು ಎಂದು 1971ರ ಪ್ರಬಂಧದಲ್ಲಿ ಅವನು ತೋರಿಸಿದ. ಪೆಟ್ಟು ಬಿದ್ದದ್ದು ರೋಗಿಗಳ ಏಕತೆಗಷ್ಟೇ ಅಲ್ಲ. ನಮ್ಮ ಏಕತೆಯೂ ತಂತುಗಳು ಸುದ್ದಿ ಸಾಗಿಸುವ ಮಟ್ಟಿಗೆ ಮಾತ್ರ ನಿಂತಿದ್ದರೆ, ಅದು ಹೆಚ್ಚು ಕಡಿಮೆಯಾಗಬಲ್ಲ ಏರ್ಪಾಡು. 1984ರ ಗ್ರಂಥದಲ್ಲಿ ತತ್ತ್ವಜ್ಞಾನಿ ಡೆರೆಕ್ ಪಾರ್ಫಿಟ್ ಇದೇ ದಾರಿ ಹಿಡಿದು, ದೇಹ, ಮಿದುಳು, ಅನುಭವಗಳ ಸರಣಿಯನ್ನು ಬಿಟ್ಟು ಬೇರೊಂದು ‘ನಾನು’ ಇಲ್ಲ ಎಂದ. ಬುದ್ಧ ತನ್ನ ಮಾತನ್ನು ಒಪ್ಪುತ್ತಿದ್ದ ಎಂದೂ ಸೇರಿಸಿದ.

ಇಷ್ಟಾಗಿ ಸ್ಪೆರಿ ಜಡವಾದಿಯಾಗಲಿಲ್ಲ. ನರಕೋಶಗಳ ಒಟ್ಟಂದದಿಂದ ಮೂಡುವ ಮನಸ್ಸು ಮರಳಿ ಆ ನರಕೋಶಗಳನ್ನೇ ನಡೆಸುತ್ತದೆ ಎಂದು 1960ರ ದಶಕದಿಂದ ವಾದಿಸುತ್ತ ಬಂದ. 1981ರ ನೊಬೆಲ್ ಬಂದದ್ದು ಅರೆಗೋಳಗಳ ಸಂಶೋಧನೆಗೆ. ಅವನ ಮನಸ್ಸಿದ್ದದ್ದು ಈ ವಾದದ ಮೇಲೆ. ಸಹೋದ್ಯೋಗಿಗಳಲ್ಲಿ ಹಲವರಿಗೆ ಅದು ರುಚಿಸಲಿಲ್ಲ. 1994ರಲ್ಲಿ ಸ್ಪೆರಿ ತೀರಿಕೊಂಡ.

ಚರ್ಚೆ ಮುಗಿದಿಲ್ಲ. 2017ರಲ್ಲಿ ಸಂಶೋಧಕ ಯಾಯಿರ್ ಪಿಂಟೊ ಮತ್ತು ಸಂಗಡಿಗರು ಇಂಥ ಇಬ್ಬರು ರೋಗಿಗಳನ್ನು ಪರೀಕ್ಷಿಸಿದರು. ಎರಡು ಪಕ್ಕಗಳ ಚಿತ್ರಗಳನ್ನು ಒಂದಕ್ಕೊಂದು ಹೋಲಿಸಲು ಅವರಿಗೆ ಆಗಲಿಲ್ಲ. ಆದರೆ ಚಿತ್ರ ಯಾವ ಪಕ್ಕ ಮೂಡಿದರೂ, ಮೂಡಿತೆಂಬುದನ್ನು ಯಾವ ಕೈಯಿಂದಲೂ, ಮಾತಿನಿಂದಲೂ ತಿಳಿಸಿದರು. ಗ್ರಹಿಕೆ ಒಡೆದಿದೆ, ಪ್ರಜ್ಞೆ ಒಡೆದಿಲ್ಲ ಎಂದು ಪಿಂಟೊ ತಂಡ ಅರ್ಥಮಾಡಿತು; ಉಳಿದ ಸಣ್ಣ ಹಾದಿಗಳಲ್ಲಿ ಸುದ್ದಿ ದಾಟಿರಬೇಕು ಎಂಬ ಆಕ್ಷೇಪವೂ ಬಂತು. ಔಷಧಗಳು ಸುಧಾರಿಸಿರುವುದರಿಂದ ಪೂರ್ತಿ ಕತ್ತರಿಸುವ ಚಿಕಿತ್ಸೆ ಈಗ ಅಪರೂಪ. ಇದನ್ನು ತೀರ್ಮಾನಿಸಲು ನೆರವಾಗಬಲ್ಲ ರೋಗಿಗಳಿಗೆ ವಯಸ್ಸಾಗುತ್ತಿದೆ, ಸಂಖ್ಯೆಯೂ ಇಳಿಯುತ್ತಿದೆ.