ನುಡಿಯ ಎರಡು ಋಣ

ಕೆಲವು ತಿಂಗಳ ಹಿಂದೆ ರೋಗಿಗಳ ಸಂದರ್ಶನಕ್ಕೆಂದು ಬಾಣಸವಾಡಿಯ ಒಂದು ಮನೆಗೆ ಹೋಗಿದ್ದೆ. ಹಾಸಿಗೆ ಹಿಡಿದಿದ್ದ ಅಜ್ಜಿ ಕನ್ನಡದಲ್ಲಿ ಜಪಸರ ಪ್ರಾರ್ಥಿಸುತ್ತಿದ್ದರು. ಮೂರನೆಯ ತರಗತಿಯ ಮೊಮ್ಮಗಳು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದಳು. “ನೀನೂ ಹೇಳಮ್ಮ” ಎಂದೆ. “ಅವಳಿಗೆ ಕನ್ನಡದಲ್ಲಿ ಬರೋದಿಲ್ಲ ಸ್ವಾಮಿ, ಇಂಗ್ಲಿಷಿನಲ್ಲಿ ಮಾತ್ರ” ಎಂದರು ತಾಯಿ. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಅಳುಕೂ ಇತ್ತು.

ಆ ತಾಯಿಯನ್ನು ದೂರುವ ಅಧಿಕಾರ ನನಗಿಲ್ಲ. ಹಿಂದೊಮ್ಮೆ ಶಾಲೆಯೊಂದರ ಹೊಣೆ ಹೊತ್ತಿದ್ದಾಗ, “ಮನೆಯಲ್ಲೂ ಇಂಗ್ಲಿಷಿನಲ್ಲೇ ಮಾತನಾಡಿಸಿ” ಎಂದು ಪೋಷಕರಿಗೆ ಬುದ್ಧಿ ಹೇಳಿದವನು ನಾನೇ. ಅಂದು ಅದು ಮಕ್ಕಳ ಹಿತವೆಂದೇ ನಂಬಿದ್ದೆ.

ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ನಡೆಯಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶಿಸಿತು. ಮಾಧ್ಯಮವನ್ನು ಹೀಗೆ ಹೇರುವಂತಿಲ್ಲ, ಆಯ್ಕೆ ಪೋಷಕರದು ಎಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ತೀರ್ಪಿತ್ತಿತು. ಮಾಧ್ಯಮ ಯಾವುದೇ ಇರಲಿ, ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕೆಂದು 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮ ವಿಧಿಸಿತು. ಕಾನೂನು ಇಷ್ಟು ಹೇಳಬಲ್ಲದು. ಆದರೆ ಹಕ್ಕು ನಮ್ಮದೆಂದು ತಿಳಿದ ಮೇಲೂ ಪ್ರಶ್ನೆಯೊಂದು ಉಳಿಯುತ್ತದೆ: ಆ ಹಕ್ಕಿನಿಂದ ನಾವು ಮಗುವಿಗೆ ಏನನ್ನು ಕೊಡುತ್ತಿದ್ದೇವೆ, ಏನನ್ನು ಕಸಿಯುತ್ತಿದ್ದೇವೆ?

ಇಂಗ್ಲಿಷ್ ಅನ್ನದ ಭಾಷೆ ಎಂಬುದನ್ನು ಅಲ್ಲಗಳೆಯಲಾಗದು. ದಿನಗೂಲಿಯ ತಂದೆ ತನ್ನ ಮಗಳಿಗೆ ಅದನ್ನು ಬಯಸಿದರೆ ಅದು ದುರಾಸೆಯಲ್ಲ, ವಾತ್ಸಲ್ಯ. ಆದರೆ ಮನುಷ್ಯನು ರೊಟ್ಟಿಯಿಂದ ಮಾತ್ರವೇ ಬದುಕುವುದಿಲ್ಲವೆಂದು ಬಲ್ಲವರು ನಾವು. ನುಡಿಯ ವಿಷಯದಲ್ಲಿ ಮಗುವಿಗೆ ಎರಡು ಋಣಗಳಿವೆ. ಒಂದು ಹಿರಿಯರದು. ತಂದೆತಾಯಿಯರನ್ನು ಗೌರವಿಸೆಂಬ ನಾಲ್ಕನೆಯ ಕಟ್ಟಳೆಯನ್ನು ಅಜ್ಜಿಯ ಮಾತೇ ತಿಳಿಯದ ಮಗು ಹೇಗೆ ಪಾಲಿಸೀತು? ಇನ್ನೊಂದು ನೆರೆಯವರದು. ನೆರೆಯವರನ್ನು ಪ್ರೀತಿಸುವವನು ಅವರ ನುಡಿಯನ್ನು ಆಲಿಸಲಾದರೂ ಕಲಿಯಬೇಡವೇ?

ಬಾಣಸವಾಡಿ, ಕಮ್ಮನಹಳ್ಳಿ, ಲಿಂಗರಾಜಪುರದ ಮನೆಗಳಲ್ಲಿ ತಮಿಳು, ಮಲಯಾಳ, ತೆಲುಗು, ಕೊಂಕಣಿಗಳೂ ಇವೆ. ಆ ಮನೆಯ ಮಕ್ಕಳ ಪಾಲಿಗೆ ಈ ಎರಡು ಋಣಗಳು ಎರಡು ನುಡಿಗಳಲ್ಲಿವೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಸೌಲಭ್ಯವಿರಬೇಕೆಂದು ನಮ್ಮ ಸಂವಿಧಾನದ 350ಎ ವಿಧಿ ಆಶಿಸುತ್ತದೆ. ಮನೆಯ ತಮಿಳನ್ನು ಅಳಿಸಿ ಕನ್ನಡ ಕಲಿಸುವುದು ನ್ಯಾಯವಲ್ಲ. ತಮಿಳಿನ ನೆಪ ಹೇಳಿ ಕನ್ನಡವನ್ನು ದೂರವಿಡುವುದೂ ನ್ಯಾಯವಲ್ಲ. ಹಾಲು ಮಾರುವವರು, ಬಸ್ಸಿನ ನಿರ್ವಾಹಕರು, ಪಕ್ಕದ ಮನೆಯವರು ಆಡುವ ನುಡಿಯನ್ನು ಅಂಕಗಳಿಗಾಗಿ ಮಾತ್ರ ಕಂಠಪಾಠ ಮಾಡಿದ ಮಗು ತನ್ನೂರಿನಲ್ಲೇ ಪರದೇಶಿಯಾಗುತ್ತದೆ.

ಪಂಚಾಶತ್ತಮ ದಿನದಂದು ಪವಿತ್ರಾತ್ಮರು ಜನರೆಲ್ಲರಿಗೂ ಒಂದೇ ಭಾಷೆಯನ್ನು ಹೊದಿಸಲಿಲ್ಲ. ಪ್ರತಿಯೊಬ್ಬರೂ ಶುಭಸಂದೇಶವನ್ನು ತಮ್ಮ ತಮ್ಮ ಹುಟ್ಟುನುಡಿಯಲ್ಲೇ ಕೇಳಿದರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಗೆ ಜನರ ಭಾಷೆಗಳ ಬಾಗಿಲು ತೆರೆಯಿತು. ಲ್ಯಾಟಿನ್‌ನಿಂದ ಬಲಿಪೂಜೆ ನಮ್ಮ ನುಡಿಗೆ ಬಂದ ಮೇಲೆ, ನಮ್ಮ ಮಕ್ಕಳನ್ನೇ ಆ ನುಡಿಯಿಂದ ಆಚೆಗೆ ಕಳುಹಿಸುವುದೇ?

ಆ ಮನೆಯಿಂದ ಹೊರಡುವ ಮುನ್ನ ಅಜ್ಜಿ ಮೊಮ್ಮಗಳ ಕೈ ಹಿಡಿದು ‘ನಮೋ ಮರಿಯಾ’ ಎಂದರು. ಮಗು ಮೆಲ್ಲಗೆ ಅದನ್ನೇ ಹೇಳಿತು. ಕಲಿಕೆಗೆ ಅಷ್ಟೇ ಸಾಕು. ದಿನಕ್ಕೆ ಒಂದು ಪ್ರಾರ್ಥನೆ, ಒಂದು ಕಥೆ, ಒಂದು ಪುಟದ ಓದು: ಇಂದು ರಾತ್ರಿಯಿಂದಲೇ ನಮ್ಮ ಮನೆಗಳಲ್ಲಿ ಆರಂಭವಾಗಲಿ.