ಇ-ರೀಡರ್ ಮತ್ತು ಗೃಹಸ್ಥನ ಪರಿಗ್ರಹ ಪರಿಮಾಣ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಗೃಹಸ್ಥನು ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯ, ವಸ್ತ್ರ, ಪಾತ್ರೆಗಳಿಗೆ ಒಂದು ಮಿತಿಯನ್ನು ಹಾಕಿಕೊಳ್ಳುತ್ತಾನೆ. ಅಂಥವನು ತೀರ್ಥಯಾತ್ರೆಗೆ ಹೊರಟಾಗ ಮಗನೋ ಮೊಮ್ಮಗಳೋ ಅವನ ಕೈಗೆ ಒಂದು ಇ-ರೀಡರನ್ನಿತ್ತರೆ ಅವನು ಲೆಕ್ಕಕ್ಕೆ ಹಿಡಿಯಬೇಕಾದುದು ಏನನ್ನು? ಒಂದು ವಸ್ತುವನ್ನೋ, ಅದರೊಳಗಿನ ಸಾವಿರ ಗ್ರಂಥಗಳನ್ನೋ? ಪ್ರಶ್ನೆ ವಿನೋದದಂತೆ ಕೇಳಿಸಬಹುದು. ಆದರೆ ವಸ್ತುವಿಗೆ ತೂಕವೇ ಇಲ್ಲದಂತಾದಾಗ ಮಿತಿಯೆಂಬುದು ಎಲ್ಲಿ ನಿಲ್ಲಬೇಕು ಎಂಬ ವಿಚಾರ ಅದರಲ್ಲಿ ಅಡಗಿದೆ.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯುವುದು ಉಚಿತ. ಮೊಬೈಲಿನ ಪರದೆಯಂತೆ ಇದು ಓದುವವನ ಕಣ್ಣಿಗೆ ನೇರವಾಗಿ ಬೆಳಕನ್ನು ಬೀರುವುದಿಲ್ಲ. ಪರದೆಯೊಳಗೆ ಅತಿಸೂಕ್ಷ್ಮವಾದ ಕೋಶಗಳಿವೆ. ಒಂದೊಂದರಲ್ಲಿಯೂ ಬಿಳಿಯ ಮತ್ತು ಕರಿಯ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ. ಇವುಗಳ ವಿದ್ಯುದಂಶ ಪರಸ್ಪರ ವಿರುದ್ಧವಾದುದರಿಂದ ವಿದ್ಯುತ್ತು ಹಾಯ್ದೊಡನೆ ಒಂದು ಬಗೆಯ ಕಣ ಮೇಲೇರಿ ಇನ್ನೊಂದು ಕೆಳಗಿಳಿದು ಅಕ್ಷರ ಮೂಡುತ್ತದೆ. ಮೂಡಿದ ಅಕ್ಷರ ನಿಲ್ಲಲು ವಿದ್ಯುತ್ತು ಬೇಡ, ಪುಟವನ್ನು ತಿರುಗಿಸುವಾಗ ಮಾತ್ರ ಬೇಕು. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಸಾಗುವ ರಹಸ್ಯ ಇದೇ. ಈ ಇ-ಇಂಕ್ ತಂತ್ರವನ್ನು ಬೆಳೆಸಿದ ಸಂಸ್ಥೆ 1997ರಲ್ಲಿ ಅಮೆರಿಕದ ಎಂ.ಐ.ಟಿ.ಯ ಪ್ರಯೋಗಶಾಲೆಯಿಂದ ಹೊರಟಿತು. 2004ರಲ್ಲಿ ಸೋನಿ ಕಂಪನಿ ಜಪಾನಿನಲ್ಲಿ, 2007ರ ನವೆಂಬರಿನಲ್ಲಿ ಅಮೆಜಾನ್ ಕಂಪನಿ ಅಮೆರಿಕದಲ್ಲಿ ಇಂಥ ಯಂತ್ರಗಳನ್ನು ಮಾರುಕಟ್ಟೆಗೆ ತಂದವು. ಮೊದಲ ಕಿಂಡಲ್‌ನಲ್ಲಿ ಸುಮಾರು 200 ಪುಸ್ತಕಗಳಿಗೆ ಸ್ಥಳವಿತ್ತು. ಇಂದು ಸುಮಾರು 200 ಗ್ರಾಂ ತೂಗುವ ಯಂತ್ರದಲ್ಲಿ ಸಾವಿರಾರು ಹಿಡಿಯುತ್ತವೆ.

ಪ್ರಯಾಣದಲ್ಲಿ ಇದರ ಉಪಕಾರವನ್ನು ಅಲ್ಲಗಳೆಯಲಾಗದು. ವಿಮಾನದಲ್ಲಿ ಕೈಚೀಲಕ್ಕೆ ಏಳು ಕಿಲೋ ಮಿತಿಯಿರುವಲ್ಲಿ ಟೀಕಾಸಹಿತವಾದ ಎರಡು ಗ್ರಂಥಗಳೇ ಅದರ ದೊಡ್ಡ ಪಾಲನ್ನು ನುಂಗುತ್ತವೆ. ಕಣ್ಣು ಮಂಜಾದ ಹಿರಿಯರು ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ನಡುಹಗಲಿನ ಬಿಸಿಲಿನಲ್ಲಿ, ಬೆಟ್ಟದ ಮೆಟ್ಟಿಲಿನ ಮೇಲೆ ಕುಳಿತರೂ ಕಾಗದದಂತೆಯೇ ಓದಬಹುದು. ಮಂಗಳೂರಿನಿಂದ ಮುಂಬಯಿಗೆ ಕೊಂಕಣ ರೈಲಿನಲ್ಲಿ ಹೋಗುವವರು ಮಾತ್ರ ದೀಪವಿರುವ ಯಂತ್ರವನ್ನೇ ಒಯ್ಯುವುದು ಲೇಸು. ರತ್ನಗಿರಿಯ ಬಳಿಯ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್ ಉದ್ದವಿದೆ! ಧರ್ಮಶಾಲೆಯ ಹತ್ತು ಜನರ ಕೋಣೆಯಲ್ಲಿ ಎಲ್ಲರ ನಿದ್ದೆ ಕೆಡಿಸಿ ಟ್ಯೂಬ್‌ಲೈಟ್ ಉರಿಸಿ ಹುಳುಗಳನ್ನು ಕರೆಯುವುದಕ್ಕಿಂತ ಈ ಮಂದ ದೀಪ ಮೇಲು. ಪೆಟ್ಟಿಗೆಯಲ್ಲಿ ಬಟ್ಟೆಗಳ ಕೆಳಗೆ ತುರುಕಿದರೆ ಪರದೆಯ ಒಳಗಿನ ಗಾಜು ಒತ್ತಡಕ್ಕೆ ಒಡೆಯುತ್ತದೆ; ಲಿಥಿಯಂ ಬ್ಯಾಟರಿ ಇರುವುದರಿಂದಲೂ ಕೈಚೀಲವೇ ಅದಕ್ಕೆ ತಕ್ಕ ಸ್ಥಳ.

ಇನ್ನು ಪರಿಗ್ರಹದ ವಿಚಾರ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹಕ್ಕೆ ಲಕ್ಷಣ ಹೇಳುವಾಗ ವಸ್ತುವನ್ನು ಹೆಸರಿಸಲಿಲ್ಲ, ವಸ್ತುವಿನಲ್ಲಿರುವ ಮಮತ್ವವನ್ನು ಹೆಸರಿಸಿದರು. ದಿಗಂಬರ ಮುನಿಗಳಿಗೂ ಪಿಂಛಿ, ಕಮಂಡಲುಗಳೊಡನೆ ಶಾಸ್ತ್ರವು ಜ್ಞಾನೋಪಕರಣವಾಗಿ ಸಲ್ಲುತ್ತದೆ. ಆದುದರಿಂದ ಗ್ರಂಥವಿರುವುದು ದೋಷವಲ್ಲ. ಆದರೆ ಓಲೆಗರಿಯ ಕಾಲದಲ್ಲಿ ಇನ್ನೊಂದು ಗ್ರಂಥ ಬೇಕೆಂದರೆ ಲಿಪಿಕಾರನ ತಿಂಗಳುಗಟ್ಟಲೆ ದುಡಿಮೆ ಬೇಕಿತ್ತು. ಅಚ್ಚಿನ ಕಾಲದಲ್ಲಿ ಹಣ, ಕಪಾಟು, ಹೆಗಲು ಬೇಕಾದುವು. ಆಸೆಗೆ ಹೊರಗಿನಿಂದಲೇ ಒಂದು ಬೇಲಿ ಇತ್ತು. ಈ ಯಂತ್ರ ಆ ಬೇಲಿಯನ್ನು ಕಿತ್ತುಹಾಕಿದೆ. ಎರಡು ಸಾವಿರ ಕಡತಗಳನ್ನು ತುಂಬಿಕೊಂಡು ಒಂದರ ಹತ್ತನೆಯ ಪುಟವನ್ನೂ ದಾಟದೆ ಯಾತ್ರೆ ಮುಗಿಸಿ ಬರುವವನಲ್ಲಿ ಇರುವುದು ಸ್ವಾಧ್ಯಾಯವೋ ಸಂಗ್ರಹವೋ ಎಂಬುದನ್ನು ಅವನೇ ನೋಡಿಕೊಳ್ಳಬೇಕು. ಹೊರಡುವ ಮುನ್ನ ಮೂರನ್ನು ಮಾತ್ರ ಉಳಿಸಿ ಮಿಕ್ಕವನ್ನು ಮನೆಯ ಕಂಪ್ಯೂಟರಿನಲ್ಲಿ ಬಿಟ್ಟುಹೋಗುವುದು ಕಷ್ಟವೇನಲ್ಲ. ಹಾಗೆ ಬಿಡುವಾಗ ಮನಸ್ಸು ಎಷ್ಟು ಹಿಂಜರಿಯುತ್ತದೆಯೋ ಅಷ್ಟೇ ಮಮತ್ವದ ಅಳತೆ.

ಇಲ್ಲೊಬ್ಬ ಚತುರನು ಆಕ್ಷೇಪಿಸಬಹುದು: ಈ ಪುಸ್ತಕಗಳು ನನ್ನವೇ ಅಲ್ಲ, ಆದ್ದರಿಂದ ಪರಿಗ್ರಹ ಎಲ್ಲಿಂದ ಬಂತು? ಮಾತು ಅರ್ಧ ನಿಜ. ಇ-ಪುಸ್ತಕಕ್ಕೆ ಹಣ ತೆತ್ತವನು ಬಹುಪಾಲು ಅಂಗಡಿಗಳಲ್ಲಿ ಪಡೆಯುವುದು ಕ್ರಯವಲ್ಲ, ಓದುವ ಪರವಾನಗಿ. ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನು, ಇದನ್ನು ಕೊಳ್ಳುವವನಿಗೆ ಮೊದಲೇ ತಿಳಿಸಬೇಕೆಂದು ವಿಧಿಸಿದೆ. 2009ರ ಜುಲೈಯಲ್ಲಿ ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳನ್ನು ಹಕ್ಕಿಲ್ಲದವರು ಮಾರಿದ್ದರೆಂದು ತಿಳಿದಾಗ ಅಮೆಜಾನ್ ಅವನ್ನು ಕೊಂಡವರ ಯಂತ್ರಗಳೊಳಗಿಂದಲೇ ಅಳಿಸಿ ಹಣವನ್ನು ಹಿಂದಿರುಗಿಸಿತು. ಅನಂತರ ಅದರ ಮುಖ್ಯಸ್ಥರು ಕ್ಷಮೆ ಕೋರಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದಂಗಡಿಯನ್ನೇ ಮುಚ್ಚಿದಾಗಲೂ ಹಣ ಮರಳಿತು, ಪುಸ್ತಕ ಉಳಿಯಲಿಲ್ಲ. ಮಾರಿದ ಮಾಲನ್ನು ರಾತ್ರೋರಾತ್ರಿ ಗಿರಾಕಿಯ ಮನೆಯಿಂದ ಎತ್ತಿಕೊಂಡು ಹೋಗಿ ಜಗಲಿಯ ಮೇಲೆ ದುಡ್ಡಿಟ್ಟರೆ ಪೇಟೆಯಲ್ಲಿ ಯಾರೂ ಅದನ್ನು ವ್ಯಾಪಾರವೆನ್ನುವುದಿಲ್ಲ. ಆದರೂ ಚತುರನಿಗೆ ಬಿಡುಗಡೆಯಿಲ್ಲ. ಒಮ್ಮೆ ಅನುಭವಿಸಿ ಬಿಡುವುದು ಭೋಗ, ಮತ್ತೆ ಮತ್ತೆ ಅನುಭವಿಸುವುದು ಉಪಭೋಗ. ಇವೆರಡಕ್ಕೂ ಮಿತಿ ಹೇಳುವ ಭೋಗೋಪಭೋಗ ಪರಿಮಾಣ ವ್ರತವು ಸ್ವಾಮ್ಯವನ್ನು ಕೇಳುವುದಿಲ್ಲ. ಬಾಡಿಗೆಯ ಮನೆಯಲ್ಲಿ ಇರುವವನಿಗೂ ಅದು ಅನ್ವಯಿಸುತ್ತದೆ.

ಸ್ವಾಮ್ಯವಿಲ್ಲದುದರ ನಿಜವಾದ ನಷ್ಟ ದಾನದಲ್ಲಿ ಕಾಣುತ್ತದೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಇಂದು ಸಾವಿರ ಪುಸ್ತಕಗಳ ಪರವಾನಗಿ ಪಡೆದವನು ಅವುಗಳಲ್ಲಿ ಒಂದನ್ನು ಬಸದಿಯ ಪುಸ್ತಕ ಭಂಡಾರಕ್ಕೆ ಕೊಡಲಾರನು. ಅವನ ಮರಣಾನಂತರ ಯಂತ್ರ ಮಕ್ಕಳಿಗೆ ಬರುತ್ತದೆ. ಅದರೊಳಗಿನ ಪುಸ್ತಕಗಳ ಪರವಾನಗಿ ಸಾಮಾನ್ಯವಾಗಿ ಬರುವುದಿಲ್ಲ.

ಈ ತೊಡಕಿಗೆ ಹಲವರು ಕಂಡುಕೊಂಡ ದಾರಿ ಇನ್ನೂ ತೊಡಕಿನದು. ಯಾರೋ ಸ್ಕ್ಯಾನ್ ಮಾಡಿದ ಹೊಸ ಗ್ರಂಥದ ಪಿ.ಡಿ.ಎಫ್. ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿ ನೂರು ಜನರಿಗೆ ಕಳುಹಿಸಿ ಶಾಸ್ತ್ರದಾನದ ಪುಣ್ಯ ಬಂತೆಂದು ಭಾವಿಸುವುದು. ಕದ್ದು ತಂದುದನ್ನು ಸ್ವೀಕರಿಸುವುದು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದು. ಕಳ್ಳ ತಕ್ಕಡಿಯ ಸಾಲಿನಲ್ಲಿಯೇ ಅದನ್ನು ಹೇಳಿದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಭಾರತದಲ್ಲಿ ಲೇಖಕನು ಜೀವಿಸಿರುವವರೆಗೆ ಮತ್ತು ಅವನು ಕಾಲವಾದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. 1946ರಲ್ಲಿ ನಿಧನರಾದ ಬಿ.ಎಂ. ಶ್ರೀಕಂಠಯ್ಯನವರ ಕೃತಿಗಳು 2007ರಿಂದ ಎಲ್ಲರವು. 1994ರಲ್ಲಿ ನಿಧನರಾದ ಕುವೆಂಪು ಅವರವು 2054ರ ಕೊನೆಯವರೆಗೆ ಹಾಗಲ್ಲ. ಪ್ರಾಚೀನ ಆಚಾರ್ಯರ ಮೂಲ ಎಲ್ಲರದೂ ಹೌದು. ಅದಕ್ಕೆ ಹತ್ತು ವರ್ಷ ಕುಳಿತು ಕನ್ನಡದಲ್ಲಿ ಟೀಕೆ ಬರೆದ ಪಂಡಿತರದು, ಅವರ ಸಂಸಾರದ ಅನ್ನದ ವಿಷಯವೂ ಆಗಿರಬಹುದು. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ರಕ್ಷಿತವಾಗಿದ್ದ ಧವಲಾ ಗ್ರಂಥವು 1939ರಿಂದ ಅಚ್ಚಾಗತೊಡಗಿದುದು ಮುಚ್ಚಿಟ್ಟ ಶ್ರುತವು ಬೆಳಕಿಗೆ ಬಂದ ಸುಕೃತ. ಅದನ್ನು ಮುಂದಿಟ್ಟುಕೊಂಡು ಜೀವಂತ ಲೇಖಕನ ಕೈಯಿಂದ ಕಿತ್ತುಕೊಳ್ಳುವುದನ್ನು ಸಮರ್ಥಿಸುವುದು ಸಲ್ಲದು.

ಬಸದಿಗಳ ಟ್ರಸ್ಟುಗಳು ಇಲ್ಲಿ ಮಾಡಬಹುದಾದ ಕೆಲಸ ಬಹಳವಿದೆ. ದಾನಿಗಳ ಹಣದಿಂದ ಅಚ್ಚಾಗಿ ಉಚಿತವಾಗಿ ಹಂಚಿದ ಗ್ರಂಥಗಳು ಎಷ್ಟೋ ಇವೆ. ಹಂಚಿದ ಮಾತ್ರಕ್ಕೆ ಹಕ್ಕು ಟ್ರಸ್ಟಿಗೆ ಬರುವುದಿಲ್ಲ. ಲೇಖಕರಿಂದ ಅಥವಾ ವಾರಸುದಾರರಿಂದ ಒಂದು ಒಪ್ಪಿಗೆ ಪತ್ರ ಪಡೆದರೆ ಅವನ್ನು ಯಾವ ಕಂಪನಿಯ ಬೀಗವೂ ಇಲ್ಲದ ಇ-ಪುಸ್ತಕಗಳಾಗಿ ಧಾರಾಳವಾಗಿ ಕೊಡಬಹುದು. ಸ್ಕ್ಯಾನ್ ಮಾಡಿದ ಚಿತ್ರ ಸಾಲದು. ಆರು ಅಂಗುಲದ ಪರದೆಯಲ್ಲಿ ಅದರ ಅಕ್ಷರ ಇರುವೆಯ ಸಾಲಾಗುತ್ತದೆ, ಹಿಗ್ಗಿಸಿದರೆ ಸಾಲಿನ ಅರ್ಧ ಅಂಚಿನಾಚೆ ಹೋಗುತ್ತದೆ. ಯುನಿಕೋಡ್ ಲಿಪಿಯಲ್ಲಿ ಬೆರಳಚ್ಚು ಮಾಡಿದ ಪಠ್ಯವೇ ಬೇಕು. 2016ರ ಕೊನೆಯಲ್ಲಿ ಕಿಂಡಲ್‌ಗೆ ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ ಪುಸ್ತಕಗಳು ಬಂದಾಗ ಆ ಐದರಲ್ಲಿ ಕನ್ನಡವಿರಲಿಲ್ಲ. ಹೊರಗಿನವರು ಮಾಡಿಕೊಡಲೆಂದು ಕಾಯುವುದರಲ್ಲಿ ಅರ್ಥವಿಲ್ಲ. ಬೆರಳಚ್ಚಾದ ಮೇಲೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತ ಇನ್ನೊಬ್ಬರು ಪರದೆಯ ಮೇಲೆ ಒತ್ತಕ್ಷರ, ದೀರ್ಘ, ಅನುಸ್ವಾರಗಳನ್ನು ಹೋಲಿಸಿ ನೋಡಬೇಕು. ಯುವಕರ ಕೈಯೂ ಹಿರಿಯರ ಕಿವಿಯೂ ಒಂದೆಡೆ ದೊರೆಯುವ ಚಾತುರ್ಮಾಸದ ನಾಲ್ಕು ತಿಂಗಳು ಈ ಕೆಲಸಕ್ಕೆ ಅನುಕೂಲವಾದ ಕಾಲ. ದಿನಕ್ಕೆ ಐದು ಪುಟದಂತೆ ಹಿಡಿದರೂ ಕಾರ್ತಿಕದ ಹೊತ್ತಿಗೆ ಐನೂರು ಪುಟಗಳ ಒಂದು ಗ್ರಂಥ ಸಿದ್ಧವಾಗುತ್ತದೆ.