ಜೇನು ಯಾರ ಸ್ವತ್ತು?

ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗಲೂ, ಮುಂದೆ ಮೂವತ್ತು ವರುಷಗಳ ಕಾಲ ಮಕ್ಕಳಿಗೆ ಓದಿಸುತ್ತಿದ್ದಾಗಲೂ ನಾನು ಜೇನುನೊಣವನ್ನು ಬಲ್ಲದ್ದು ದೃಷ್ಟಾಂತಗಳ ಮೂಲಕವೇ. ದುಂಬಿಯು ಹೂವನ್ನು ಕೆಡಿಸದೆ ಮಧುವನ್ನು ಕೊಳ್ಳುವಂತೆ ಅರಸನು ಪ್ರಜೆಗಳಿಂದ ಧನವನ್ನು ಪಡೆಯತಕ್ಕದ್ದೆಂದು ಉದ್ಯೋಗಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಹೇಳುತ್ತಾನೆ. ಸುಭಾಷಿತಕಾರರಿಗಾದರೋ ಜೇನು ಲೋಭಿಯ ಪ್ರತಿರೂಪ. ತಾನು ಉಣ್ಣದೆ, ಪರರಿಗೂ ಕೊಡದೆ ಕೂಡಿಟ್ಟದ್ದನ್ನು ಕಡೆಗೆ ಅನ್ಯರು ಅಪಹರಿಸುವರೆಂಬುದು ಅವರ ತಾತ್ಪರ್ಯ. ಈ ಎರಡನೆಯ ದೃಷ್ಟಾಂತವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಬಣ್ಣಿಸಿದೆನೋ ಲೆಕ್ಕವಿಲ್ಲ. ಅದರಲ್ಲಿ ಅನ್ಯಾಯವೊಂದು ಅಡಗಿದೆಯೆಂದು ತಿಳಿದದ್ದು, ನಿವೃತ್ತನಾಗಿ ಶಿರಸಿ ಸೀಮೆಯ ನಮ್ಮ ಅಡಕೆತೋಟದ ಮನೆಗೆ ಬಂದು, ಅಂಗಳದಂಚಿನಲ್ಲಿ ಎರಡು ಪೆಟ್ಟಿಗೆ ತುಡುವೆಜೇನನ್ನು ಸಾಕಿದ ಮೇಲೆಯೇ.

ನಮ್ಮಲ್ಲಿ ಮಾಘದಿಂದ ವೈಶಾಖದವರೆಗೆ ಹೂವಿನ ಸುಗ್ಗಿ. ನೇರಳೆ, ಹೊಂಗೆ, ಕಾಡಿನ ಇನ್ನೆಷ್ಟೋ ಮರಗಳು ಒಂದಾದ ಮೇಲೊಂದು ಅರಳುತ್ತವೆ. ಜ್ಯೇಷ್ಠದಲ್ಲಿ ಮಳೆ ಹಿಡಿಯಿತೆಂದರೆ ನೊಣಕ್ಕೆ ಹೊರಬೀಳಲು ಎಡೆಯಿಲ್ಲ. ಬಿದ್ದರೂ ಹೂವಿನ ಮಧು ಮಳೆಗೆ ತೊಳೆದುಹೋಗಿರುತ್ತದೆ. ಆ ಮೂರು ನಾಲ್ಕು ತಿಂಗಳ ಗ್ರಾಸವೇ ಎರಿಯೊಳಗಿನ ಸಂಗ್ರಹ. ಒಕ್ಕಲಿಗನು ಕಣಜದಲ್ಲಿ ಭತ್ತವನ್ನಿಟ್ಟುಕೊಂಡರೆ ಅವನನ್ನು ಲೋಭಿಯೆನ್ನುವವರುಂಟೆ? ಮೇಲಾಗಿ, ಸುಗ್ಗಿಯಲ್ಲಿ ದುಡಿಯುವ ನೊಣದ ಆಯುಷ್ಯವು ಆರೇಳು ವಾರಗಳನ್ನು ಮೀರುವುದು ಅಪೂರ್ವ. ಚೈತ್ರದಲ್ಲಿ ಹೊತ್ತು ತಂದದ್ದು ಆಷಾಢದ ಊಟವನ್ನು ಕಾಣಲಾರದು. ತಾನು ಕಾಣದವರಿಗಾಗಿ ಕೂಡಿಡುವುದನ್ನು ಲೋಭವೆನ್ನಲು ಈಗ ನನ್ನ ನಾಲಗೆ ಏಳುವುದಿಲ್ಲ. ಅಪಹರಿಸಿದವನ ತಪ್ಪನ್ನು ಕಳೆದುಕೊಂಡವನ ತಲೆಗೆ ಕಟ್ಟಿದ ಆ ಕವಿಯು ಜೇನುತುಪ್ಪವನ್ನು ಚೆನ್ನಾಗಿ ಸವಿದವನೇ ಇದ್ದಿರಬೇಕು!

ಇದನ್ನು ನಾನು ಕಲಿತದ್ದು ಗ್ರಂಥದಿಂದಲ್ಲ. ಕೆಲವು ವರುಷಗಳ ಹಿಂದೆ ವೈಶಾಖದಲ್ಲಿ ಮನೆ ತುಂಬ ನೆಂಟರಿದ್ದರು. ಮೇಲಿನ ಜೇನುಕೋಣೆಯ ತುಪ್ಪವೆಲ್ಲ ಮುಗಿಯಿತು. ಇನ್ನೆರಡು ಸೀಸೆ ಬೇಕೆಂಬ ಆಸೆಯಿಂದ, ಮುಟ್ಟಬಾರದ ಕೆಳಗಿನ ಸಂಸಾರಕೋಣೆಯ ಅಂಚಿನ ಎರಿಗಳನ್ನೂ ಕೊಯ್ದೆ. ಮಳೆಗಾಲದಲ್ಲಿ ಸಕ್ಕರೆಪಾಕವನ್ನಾದರೂ ಇಡಬೇಕೆಂದು ಬಲ್ಲವರು ಹೇಳಿದ್ದರು. ಇಂದು ನಾಳೆ ಎಂದು ತಳ್ಳಿದೆ. ಆಷಾಢದಲ್ಲಿ ಮಳೆ ತುಸು ಹೊಳವಾದ ಒಂದು ದಿನ ಮೊದಲನೆಯ ಪೆಟ್ಟಿಗೆಯ ಕುಟುಂಬವು ಎದ್ದುಹೋಯಿತು. ಎರಡನೆಯದನ್ನು ತೆರೆದು ನೋಡಿದರೆ, ನೊಣಗಳು ಬರಿದಾದ ಕಣ್ಣುಗಳೊಳಗೆ ತಲೆಯನ್ನು ತುರುಕಿಕೊಂಡೇ ಸತ್ತಿದ್ದವು. ತಳವನ್ನು ನೆಕ್ಕುತ್ತ ನೆಕ್ಕುತ್ತ ಪ್ರಾಣ ಬಿಟ್ಟಂತಿತ್ತು. ನನ್ನಾಕೆ ನೋಡಿ, ಏನೂ ಹೇಳದೆ ಒಳಗೆ ಹೋದಳು.

"ಮನೆ ಕೊಟ್ಟವರು ನೀವು, ಬಾಡಿಗೆ ತೆಗೆದುಕೊಂಡರೇನು ತಪ್ಪು ಮಾಸ್ತರರೇ?" ಎಂದು ನೆರೆಯವರೊಬ್ಬರು ಸಮಾಧಾನ ಹೇಳಿದರು. ಆ ವಾದವು ಹುರುಳಿಲ್ಲದ್ದಲ್ಲ. ಅಮೇರಿಕದ ಲ್ಯಾಂಗ್‌ಸ್ಟ್ರಾತ್ ಎಂಬವರು ೧೮೫೨ರಲ್ಲಿ ಸನ್ನದು ಪಡೆದ ಚೌಕಟ್ಟಿನ ಪೆಟ್ಟಿಗೆಯೂ, ೧೮೬೫ರಲ್ಲಿ ಹ್ರುಷ್ಕಾ ಎಂಬವರು ಕಂಡುಹಿಡಿದ, ಎರಿಯನ್ನು ತಿರುಗಿಸಿ ತುಪ್ಪ ತೆಗೆಯುವ ಯಂತ್ರವೂ ಬಂದ ಮೇಲೆ ಮರಿಸಹಿತ ಎರಿಯನ್ನು ಹಿಂಡುವ ಕ್ರೌರ್ಯವು ತಪ್ಪಿತು. ತಿರುಚಿರಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ನರು ನಮ್ಮ ನೊಣಕ್ಕೊಪ್ಪುವ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದರು. ಆದರೆ ಈ ಉಪಕರಣಗಳು ಹೇಗೆ ತೆಗೆಯಬೇಕೆಂಬುದನ್ನು ಕಲಿಸಿದವೇ ಹೊರತು, ಎಷ್ಟೆಂಬುದನ್ನು ಕಲಿಸಲಿಲ್ಲ. ಬಾಡಿಗೆಯ ಲೆಕ್ಕವನ್ನೇ ಹಿಡಿದರೂ, ನಮ್ಮ ಹಿತ್ತಿಲ ಸೌತೆ ಕುಂಬಳಗಳಿಗೆ ಕಾಯಿ ಕಟ್ಟಿಸಿಕೊಟ್ಟವರಾರು? ಆ ಬಾಕಿ ನನ್ನ ಕಡೆಗೇ ಇದೆ. ಇನ್ನು ಸಕ್ಕರೆಪಾಕವು ಹಸಿವೆಗೆ ಮದ್ದಾಗಬಹುದು. ಜೇನಿನ ಬೆಲೆಯೆಂದು ಅದನ್ನು ಕೊಡುವವನು ತನ್ನನ್ನು ತಾನೇ ವಂಚಿಸಿಕೊಳ್ಳುತ್ತಾನೆ.

ಬಾಕಿಯನ್ನು ತೀರಿಸುವುದಾದರೆ ಹೂವಿನಲ್ಲಿಯೇ ತೀರಿಸಬೇಕು. ಇಲ್ಲಿ ನನಗೂ ನನ್ನ ಮಗನಿಗೂ ವಾದವಾಯಿತು. ಪಟ್ಟಣದಲ್ಲಿರುವ ಅವನಿಗೆ ಮನೆಯ ಮುಂದೆ ಹುಲ್ಲುಹಾಸು ಬೇಕು, ಕಾಗದದ ಹೂವಿನ ಬಳ್ಳಿ ಬೇಕು, ಸುತ್ತುದಳದ ದಾಸವಾಳ ಬೇಕು. ಕಣ್ಣಿಗೆ ಇಂಪೇನೋ ಸರಿ. ಆದರೆ ಕಾಗದದ ಹೂವಿನ ಬಣ್ಣವು ದಳದ್ದಲ್ಲ, ಎಲೆಯ ರೂಪಾಂತರದ್ದು. ಸುತ್ತುದಾಸವಾಳದಲ್ಲಿ ಕೇಸರಗಳೇ ದಳಗಳಾಗಿರುತ್ತವೆ. ನೊಣಕ್ಕೆ ಅದು ಬಾಗಿಲು ಮುಚ್ಚಿದ ಛತ್ರ. ಕಳೆಯೆಂದು ಅವನು ಕೀಳಿಸಹೊರಟ ತುಂಬೆಯಲ್ಲಿಯೇ ಮಳೆ ಹಿಂಜರಿದೊಡನೆ ಅದಕ್ಕೆ ಊಟವಿರುವುದು. ಕಡೆಗೆ ಬಾವಿಯಿಂದಾಚೆಯ ಭಾಗವು ತುಂಬೆಗೂ ತುಳಸಿಗೂ ಉಳಿಯಿತು; ಈಚೆಯದು ಅವನ ಹುಲ್ಲಿಗಾಯಿತು.

ಎಷ್ಟು ಬಿಟ್ಟರೆ ನ್ಯಾಯವೆಂಬುದು ನನಗಿನ್ನೂ ನಿಶ್ಚಯವಾಗಿಲ್ಲ. ಕಳೆದ ವೈಶಾಖದಲ್ಲಿ, ಮತ್ತೆ ಬಂದು ನೆಲೆಸಿದ ಒಂದು ಕುಟುಂಬದ ಮೇಲುಕೋಣೆಯಿಂದ, ಮೇಣದ ಮುಚ್ಚಳ ಕಟ್ಟಿದ ಎರಿಗಳಲ್ಲಿ ಅರ್ಧವನ್ನು ಮಾತ್ರ ತೆಗೆದೆ. ಒಂದು ಸೀಸೆಯೂ ತುಂಬಲಿಲ್ಲ. ಮೊಮ್ಮಗಳು "ಇನ್ನೂ ಅಷ್ಟು ಇದೆಯಲ್ಲ, ಅಜ್ಜ?" ಎಂದು ಕೇಳಿದಳು. ಮಳೆಗಾಲದ ಮಾತನ್ನು ಅವಳಿಗೆ ಹೇಳುತ್ತ ಪೆಟ್ಟಿಗೆಯ ಮುಚ್ಚಳವನ್ನು ಹಾಕಿದೆ.